ಸಂಸರೂ ಅವರ ವಿಕ್ರಮರಾಯನೂ

ಬಸವೇಶ್ವರನಗರದ ನಮ್ಮ ಬೀದಿಯ ಹುಡುಗರು ಈ ಸಲದ ರಾಜ್ಯೋತ್ಸವಕ್ಕೆ ‘ವಿಗಡ ವಿಕ್ರಮರಾಯ’ ನಾಟಕದ ಕೆಲವು ದೃಶ್ಯಗಳನ್ನು ಆಡಬೇಕೆಂದು ಮನಸ್ಸು ಮಾಡಿದ್ದಾರೆ. ಹಳಗನ್ನಡದ ಛಾಯೆಯುಳ್ಳ ಆ ಮಾತುಗಳನ್ನು ಹೇಗೆ ಉಚ್ಚರಿಸಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು ಎಂದು ಕೇಳಿಕೊಂಡು ಸಂಜೆಯ ಹೊತ್ತು ನನ್ನಲ್ಲಿಗೆ ಬರುತ್ತಾರೆ. ನಿವೃತ್ತನಾದ ಕನ್ನಡ ಮೇಷ್ಟರಿಗೆ ಇದಕ್ಕಿಂತ ಬೇರೆ ಭಾಗ್ಯವೇನಿದೆ? ಮೊನ್ನೆ ನಮ್ಮ ತಾರಸಿಯ ಮೇಲೆ ತಾಲೀಮು ನಡೆದಿತ್ತು. ಕಾಫಿಯ ಲೋಟ ಹಿಡಿದು ನೋಡುತ್ತ ಕುಳಿತಿದ್ದ ಪಕ್ಕದ ಮನೆಯ ಹಿರಿಯರು, “ಇದನ್ನು ಬರೆದಾತನಿಗೆ ಹುಚ್ಚು ಹಿಡಿದಿತ್ತಂತಲ್ಲ! ಓದಿ ಓದಿ ಮರುಳಾದ ಕೂಚಂಭಟ್ಟ ಅಂತ ದೊಡ್ಡವರು ಸುಮ್ಮನೆ ಹೇಳಿದರೇ?” ಎಂದು ನಕ್ಕರು. ವಿಕ್ರಮರಾಯನ ಪಾತ್ರದ ಹುಡುಗ ಮಾತ್ರ ನಗಲಿಲ್ಲ. “ಸಂಸರನ್ನು ಕೊಂದದ್ದು ಅವರೇ ಸೃಷ್ಟಿಸಿದ ವಿಕ್ರಮರಾಯ ಅಂತ ಯಾರೋ ಹೇಳಿದರು. ನಿಜವೇ ಮೇಷ್ಟ್ರೇ?” ಎಂದು ಕೇಳಿದ. ಆ ಹೊತ್ತಿಗೆ ಏನೋ ಒಂದು ಹೇಳಿ ಜಾರಿಕೊಂಡೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಸಂಸ ಎಂಬ ಹೆಸರಿನಿಂದ ನಾವು ಬಲ್ಲ ಸಾಮಿ ವೆಂಕಟಾದ್ರಿ ಅಯ್ಯರ್ ಅವರು 1898ರಲ್ಲಿ ಯಳಂದೂರು ಸೀಮೆಯ ಅಗರದಲ್ಲಿ ಹುಟ್ಟಿದರು. ಮೇಷ್ಟರ ಕೆಲಸ ಮಾಡಿದರು. ಒಂದು ಊರಿನಲ್ಲಿ ನೆಲೆಯಾಗಿ ನಿಂತವರಲ್ಲ. ಅಲೆದಾಟದ ನಡುವೆಯೇ ಮೈಸೂರು ಒಡೆಯರ ಚರಿತ್ರೆಯನ್ನು ಹಿಡಿದು ನಾಟಕದ ಮೇಲೆ ನಾಟಕ ಬರೆದರು. ಬರೆದವು ಇಪ್ಪತ್ತಮೂರು, ನಮಗೆ ಉಳಿದಿರುವುದು ಆರೇ ಆರು: ಸುಗುಣ ಗಂಭೀರ, ಬೆಟ್ಟದ ಅರಸು, ಬಿರುದೆಂತೆಂಬರ ಗಂಡ, ವಿಗಡ ವಿಕ್ರಮರಾಯ, ವಿಜಯನಾರಸಿಂಹ, ಮಂತ್ರಶಕ್ತಿ. 1939ರಲ್ಲಿ ಮೈಸೂರಿನಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು. ಆಗ ಅವರಿಗೆ ನಲವತ್ತರ ಆಸುಪಾಸು.

ಅವರ ಕಾವ್ಯನಾಮದ ಬಗ್ಗೆ ಒಂದು ಕಥೆ ಹೇಳುವುದು ವಾಡಿಕೆ. ಮೊದಲು ಅವರು ಇಟ್ಟುಕೊಂಡಿದ್ದ ಹೆಸರು ಕಂಸ. ಯಾರದೋ ಕೈತಪ್ಪಿನಿಂದ ಅದು ಸಂಸ ಎಂದಾಯಿತು. ತಪ್ಪನ್ನೇ ಅವರು ಒಪ್ಪಿಕೊಂಡರು. ಮಥುರೆಯ ಅರಸು ಕಂಸನ ಪಾಡು ನಮಗೆ ಗೊತ್ತಿರುವುದೇ. ತನ್ನನ್ನು ಕೊಲ್ಲುವವನು ಎಲ್ಲೋ ಹುಟ್ಟಿ ಬೆಳೆಯುತ್ತಿದ್ದಾನೆ ಎಂಬ ಒಂದೇ ಭೀತಿಯಲ್ಲಿ ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಅಂಥವನ ಹೆಸರನ್ನು ಒಬ್ಬ ಕವಿ ತಾನಾಗಿ ಬಯಸಿ ಇಟ್ಟುಕೊಂಡನೆಂದರೆ ಸೋಜಿಗವಲ್ಲವೆ? ಒಂದು ಅಕ್ಷರ ಬದಲಾಯಿತು. ಹೆಸರಿನೊಳಗಿದ್ದ ಭೀತಿ ಬದಲಾಗಲಿಲ್ಲ.

ಇನ್ನು ವಿಕ್ರಮರಾಯನ ವಿಷಯ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಹಿಡಿದ ಮೇಲೆ ಮೈಸೂರು ನಿಜವಾಗಿ ಒಂದು ರಾಜ್ಯವಾಯಿತು. ರಾಜ್ಯ ಬೆಳೆದಂತೆ ದಳವಾಯಿಯ ಕೈಯೂ ಬೆಳೆಯಿತು. 1637ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ರಾಜ ಒಡೆಯರು ಎರಡು ವರ್ಷವೂ ಆಳಲಿಲ್ಲ. ದಳವಾಯಿ ವಿಕ್ರಮರಾಯ ವಿಷವಿಕ್ಕಿ ಅವರನ್ನು ಕೊಂದನೆಂದು ಚರಿತ್ರೆ ಹೇಳುತ್ತದೆ. 1638ರಲ್ಲಿ ತೆರಕಣಾಂಬಿಯಿಂದ ಕರೆತಂದು ಪಟ್ಟ ಕಟ್ಟಿದ ತರುಣನೇ ರಣಧೀರ ಕಂಠೀರವ ನರಸರಾಜ ಒಡೆಯರು. ಮುಂದೆ ಅವರ ಹೆಸರಿನ ಕಂಠೀರಾಯಿ ಹಣ ಮನೆಮನೆಯ ಮಾತಾಯಿತು. 1960ರ ಚಲನಚಿತ್ರದಲ್ಲಿ ರಾಜ್‌ಕುಮಾರ್ ಅವರನ್ನು ಈ ಅರಸನ ವೇಷದಲ್ಲಿ ನೋಡಿದವರು ಇಂದಿಗೂ ಅದನ್ನು ಮರೆತಿಲ್ಲ.

ವಿಕ್ರಮರಾಯನ ಅಂತ್ಯವನ್ನು ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕರ್ನಲ್ ಮಾರ್ಕ್ ವಿಲ್ಕ್ಸ್ ತಮ್ಮ ಇತಿಹಾಸ ಗ್ರಂಥದಲ್ಲಿ ವಿವರಿಸಿದ್ದಾರೆ. ಆ ಗ್ರಂಥದ ಮೊದಲ ಸಂಪುಟ 1810ರಲ್ಲಿ ಅಚ್ಚಾಯಿತು. ಹಿಂದಿನ ಅರಸು ಸತ್ತ ಬಗೆಯನ್ನು ಹೊಸ ಅರಸನ ಕಿವಿಗೆ ಗುಟ್ಟಾಗಿ ಮುಟ್ಟಿಸಿದವನು ಒಬ್ಬ ಸಾಮಾನ್ಯ ಕಾಲಾಳು. ಇಬ್ಬರು ಆಳುಗಳು ದಳವಾಯಿಯ ಮನೆಯ ಗೋಡೆ ಹಾರಿ ಕತ್ತಲಲ್ಲಿ ಅಡಗಿ ಕುಳಿತರು. ರಾತ್ರಿ ಪಂಜಿನವನನ್ನು ಮುಂದಿಟ್ಟುಕೊಂಡು ದಳವಾಯಿ ಹಿತ್ತಿಲಿಗೆ ಬಂದಾಗ ಪಂಜು ಆರಿತು. ಆಳಿಗೂ ದಳವಾಯಿಗೂ ಕೈಕೈ ಮಿಲಾಯಿಸಿತು. ವಿಕ್ರಮರಾಯ ಮಹಾ ಬಲಶಾಲಿ; ಎದುರಾಳಿಯನ್ನು ಕೆಡವಿ ಗಂಟಲು ಅದುಮಿ ಹಿಡಿದ. ಕತ್ತಿ ಹಿಡಿದು ನಿಂತ ಎರಡನೆಯವನಿಗೆ ಆ ಕತ್ತಲಲ್ಲಿ ಯಾರು ಯಾರೆಂದು ತಿಳಿಯಲೊಲ್ಲದು. ಗೆಳೆಯನು ಮೇಲಿದ್ದಾನೋ ಕೆಳಗಿದ್ದಾನೋ ಎಂದು ವಿಚಾರಿಸಿದ. ತಾನು ಕೆಳಗಿರುವುದಾಗಿ ಉಸಿರು ಕಟ್ಟಿದ ಗಂಟಲಿನಿಂದ ಉತ್ತರ ಬಂತು. ಮೇಲಿದ್ದವನ ಮೇಲೆ ಏಟು ಬಿತ್ತು. ವಿಕ್ರಮರಾಯನ ಕಥೆ ಅಲ್ಲಿಗೆ ಮುಗಿಯಿತು.

ಈ ವಸ್ತುವನ್ನು ಕೈಗೆತ್ತಿಕೊಂಡ ಯಾವ ನಾಟಕಕಾರನಾದರೂ ರಣಧೀರನ ಹೆಸರನ್ನೇ ನಾಟಕಕ್ಕೆ ಇಡುತ್ತಿದ್ದ. ಪುಂಡು ದಳವಾಯಿಯನ್ನು ಅಡಗಿಸಿದ ಸತ್ಕೀರ್ತಿಯ ಅರಸನಿರುವಾಗ ಮತ್ತೇನು ಬೇಕು? ಸಂಸರು ಹಾಗೆ ಮಾಡಲಿಲ್ಲ. ಕೇಡಿಗನ ಹೆಸರನ್ನೇ ಇಟ್ಟರು. ಅದಕ್ಕೆ ‘ವಿಗಡ’ ಎಂಬ ವಿಶೇಷಣವನ್ನೂ ಸೇರಿಸಿದರು. ಭಯಂಕರನಾದವನು, ಎದುರಿಲ್ಲದವನು ಎಂಬ ಅರ್ಥವೆಲ್ಲ ಅದರಲ್ಲಿದೆ. ಅವನ ಪಾಪವನ್ನು ಅವರು ಮುಚ್ಚಲಿಲ್ಲ, ಅವನ ಅಳಿವನ್ನು ತಪ್ಪಿಸಲೂ ಇಲ್ಲ. ಆದರೆ ಅವನನ್ನು ಕ್ಷುಲ್ಲಕನನ್ನಾಗಿ ಮಾಡಲಿಲ್ಲ. ಒಬ್ಬ ಅರಸನನ್ನು ಕೊಂದವನಿಗೆ ಇನ್ನೊಬ್ಬ ಅರಸನನ್ನೂ ಕೊಲ್ಲಬಹುದೆಂಬುದು ಗೊತ್ತು. ತನ್ನನ್ನೂ ಹಾಗೆಯೇ ಕೊಲ್ಲಬಹುದೆಂಬುದು ಅದರ ಬೆನ್ನಿಗೇ ಗೊತ್ತಾಗುತ್ತದೆ. ಅಂಥವನ ಒಳಗನ್ನು ಬರೆಯಬೇಕಾದರೆ ಬರೆಯುವವನು ಅರಮನೆಯ ಪ್ರತಿಯೊಂದು ಕಂಬದ ಹಿಂದೆಯೂ ಒಬ್ಬ ಗೂಢಚಾರನನ್ನು ಕಾಣಬೇಕು. ಪ್ರತಿಯೊಂದು ಪಿಸುಮಾತನ್ನೂ ಅನುಮಾನದ ತಕ್ಕಡಿಯಲ್ಲಿ ತೂಗಬೇಕು.

ಅದೇ ಕಾಲದಲ್ಲಿ ಇತ್ತ ಬೆಂಗಳೂರಿನಲ್ಲಿ ಕೈಲಾಸಂ ಅವರು ನಮ್ಮ ಮನೆಗಳ ಪಡಸಾಲೆಯ ಮಾತನ್ನು, ಇಂಗ್ಲಿಷ್ ಬೆರಕೆ ಸಮೇತ, ರಂಗಕ್ಕೆ ತಂದು ನಗಿಸುತ್ತಿದ್ದರು. ಸಂಸರ ಪಾತ್ರಗಳು ಆಡುವ ಕನ್ನಡವನ್ನು ಯಾವ ಪಡಸಾಲೆಯಲ್ಲಿಯೂ ಯಾರೂ ಆಡಿದ್ದಿಲ್ಲ. ಹಳೆಯ ಕಾವ್ಯದ ಪದಗಳನ್ನು ಬೀದಿಯ ಬಿರುಸಿಗೆ ಒಗ್ಗಿಸಿ ತಾವೇ ಕಡೆದುಕೊಂಡ ಭಾಷೆ ಅದು. ಆ ಭಾಷೆಯ ಕೋಟೆಯೊಳಗೆ ಅವರು ಒಬ್ಬರೇ ವಾಸವಾಗಿದ್ದರು ಎಂದರೂ ಸಲ್ಲುತ್ತದೆ.

ಕೋಟೆಯ ಹೊರಗೆ ಮಾತ್ರ ಬಾಳು ದುಸ್ತರವಾಗಿತ್ತು. ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆ, ಎಲ್ಲಿ ಹೋದರೂ ಗುಪ್ತಚಾರರು ಕಾಯುತ್ತಿದ್ದಾರೆ ಎಂಬ ಭ್ರಮೆ ಅವರನ್ನು ಹಿಡಿಯಿತು. ಇಲ್ಲೊಂದು ವಿಪರ್ಯಾಸವಿದೆ. ಅವರು ಬಾಳಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಯಾವ ವಂಶದ ಮೂಲಪುರುಷರ ಕೀರ್ತಿಯನ್ನು ಹಗಲಿರುಳು ಬರೆದರೋ ಅದೇ ವಂಶದ ರಾಜ್ಯದಲ್ಲಿ, ಸರ್ಕಾರದ ಕಣ್ಣು ತಮ್ಮ ಮೇಲಿದೆ ಎಂದು ನಡುಗಿದರು. ಹದಿನೇಳನೆಯ ಶತಮಾನದ ಅರಮನೆಯಲ್ಲಿ ಸಂಶಯವೆಂಬುದು ವಿವೇಕ. ಸಂಶಯಪಡದವನು ಇಮ್ಮಡಿ ರಾಜ ಒಡೆಯರ ಹಾಗೆ ವಿಷ ಕುಡಿದು ಸಾಯುತ್ತಾನೆ. ಅದೇ ಸಂಶಯ ಇಪ್ಪತ್ತನೆಯ ಶತಮಾನದ ಬಡ ಮೇಷ್ಟರ ಬಾಡಿಗೆ ಕೋಣೆಗೆ ಬಂದಾಗ ರೋಗವಾಗುತ್ತದೆ. ಇವೆರಡನ್ನೂ ಜೋಡಿಸಿಯೇ ಜನ ಕಥೆ ಕಟ್ಟಿದರು: ಸಂಸರು ವಿಕ್ರಮರಾಯನನ್ನು ಸೃಷ್ಟಿಸಿದರು, ಅವನು ಬಂದು ಸಂಸರನ್ನು ನುಂಗಿದ.

ಕಥೆಯೇನೋ ಸೊಗಸಾಗಿದೆ, ಹೊರದೇಶಗಳಲ್ಲಿ ಇದಕ್ಕೆ ಸಾಟಿಯೂ ಉಂಟು. ಷರ್ಲಾಕ್ ಹೋಮ್ಸನಿಂದ ಬೇಸತ್ತ ಕಾನನ್ ಡಾಯ್ಲ್ 1893ರಲ್ಲಿ ಅವನನ್ನು ಜಲಪಾತಕ್ಕೆ ತಳ್ಳಿ ಕೈ ತೊಳೆದುಕೊಂಡರು. ಓದುಗರು ಬಿಡಲಿಲ್ಲ, ಹತ್ತು ವರ್ಷಗಳ ತರುವಾಯ, 1903ರಲ್ಲಿ, ಅವನು ಬದುಕಿಯೇ ಇದ್ದನೆಂದು ಬರೆಯಬೇಕಾಯಿತು. ಇಟಲಿಯ ಪಿರಾಂಡೆಲ್ಲೋ ಬರೆದು 1921ರಲ್ಲಿ ರೋಮಿನಲ್ಲಿ ಆಡಿಸಿದ ನಾಟಕದಲ್ಲಿ, ಕರ್ತೃ ಕೈಬಿಟ್ಟ ಆರು ಪಾತ್ರಗಳು ತಮಗೊಂದು ಗತಿ ಕಾಣಿಸೆಂದು ರಂಗಕ್ಕೇ ನುಗ್ಗುತ್ತವೆ. ಆದರೆ ಡಾಯ್ಲರಿಗಾಗಲಿ ಪಿರಾಂಡೆಲ್ಲೋಗಾಗಲಿ ಪಾತ್ರದ ಕಾಟವೆಂಬುದು ಬರವಣಿಗೆಯ ಮೇಜಿನ ಮೇಲಿನ ಕಾಟ. ಸಂಸರದು ಹಾಗಲ್ಲ. ಅವರಿಗೆ ಕಾಟ ಕೊಟ್ಟವರು ಪಾತ್ರಗಳಲ್ಲ. ರಾತ್ರಿ ಬಾಗಿಲ ಹೊರಗೆ ನಿಂತಿದ್ದಾರೆಂದು ಅವರು ನಂಬಿದ ಜನ.

ಇದನ್ನು ಇಷ್ಟು ನಿಷ್ಠುರವಾಗಿ ಹೇಳಲು ನನಗೊಂದು ಸ್ವಂತ ಕಾರಣವಿದೆ. ನನ್ನ ಸೋದರಮಾವನವರಿಗೂ ಇಂಥದೇ ಭಯವಿತ್ತು. ಒಳ್ಳೆಯ ಓದುಗರು, ಕಚೇರಿಯಲ್ಲಿ ಅವರ ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ನಡುವಯಸ್ಸಿನಲ್ಲಿ ಎದುರುಮನೆಯವರು ಗೋಡೆಗೆ ಕಿವಿ ಇಟ್ಟು ಕೇಳುತ್ತಾರೆ ಎನ್ನತೊಡಗಿದರು. ಆಮೇಲೆ ಹಗಲಿನಲ್ಲಿಯೂ ಕಿಟಕಿ ತೆರೆಯಲಿಲ್ಲ. ಮನೆಯವರೆಲ್ಲ ದೂರಿದ್ದು ಅವರ ಪುಸ್ತಕಗಳನ್ನು. ಪತ್ತೇದಾರಿ ಕಾದಂಬರಿಗಳನ್ನು ಒಂದು ದಿನ ಹಿತ್ತಿಲಿನಲ್ಲಿ ಸುಟ್ಟೂಬಿಟ್ಟರು. ಪುಸ್ತಕಗಳು ಹೋದವು, ಭಯ ಹೋಗಲಿಲ್ಲ. ಸುಡುವಾಗ ಸೀಮೆಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದ ಹುಡುಗ ನಾನೇ. ಬಹಳ ವರ್ಷಗಳಾದ ಮೇಲೆ ತಿಳಿಯಿತು: ಆ ಪುಸ್ತಕಗಳನ್ನು ಓದುತ್ತಿದ್ದ ಹೊತ್ತಿನಲ್ಲಿ ಮಾತ್ರ ಮಾವನವರು ನೆಮ್ಮದಿಯಾಗಿರುತ್ತಿದ್ದರು. ಪುಸ್ತಕದಲ್ಲಿ ಸಂಶಯಕ್ಕೆ ಒಂದು ಕಾರಣವಿರುತ್ತದೆ, ಕೊನೆಯ ಪುಟದಲ್ಲಿ ಅದಕ್ಕೊಂದು ಪರಿಹಾರವಿರುತ್ತದೆ. ಅವರ ಬದುಕಿನಲ್ಲಿ ಇವೆರಡೂ ಇರಲಿಲ್ಲ.

ಇಂಥ ಭ್ರಮೆಯನ್ನು ತಗ್ಗಿಸಬಲ್ಲ ಮೊದಲ ಔಷಧ ವೈದ್ಯರ ಕೈಗೆ ಬಂದದ್ದು 1952ರಲ್ಲಿ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದು 1954ರಲ್ಲಿ. ಅದೇ 1974ರಲ್ಲಿ ನಿಮ್ಹಾನ್ಸ್ ಎಂದಾಯಿತು. ಸಂಸರು ತೀರಿಕೊಂಡದ್ದು ಇವೆಲ್ಲಕ್ಕಿಂತ ಮುಂಚೆ. ಅವರ ಕಾಲಕ್ಕೆ ಇದ್ದದ್ದು ಮರುಕಪಡುವ ಕೆಲವರು ಸ್ನೇಹಿತರು ಮತ್ತು ನಗುವ ಲೋಕ. ಇವೆರಡರ ನಡುವೆ ಅವರಿಗೆ ಆಸರೆಯಾಗಿ ನಿಂತದ್ದು ಯಾವುದು? ನಾಟಕಗಳೇ ಎಂದು ನನ್ನ ನಂಬಿಕೆ. ಬದುಕಿನಲ್ಲಿ ಯಾರು ಮಿತ್ರ, ಯಾರು ಶತ್ರು ಎಂದು ಅವರಿಗೆ ತಿಳಿಯದೆ ಹೋಯಿತು. ನಾಟಕದಲ್ಲಿ ಆ ಗೊಂದಲವಿಲ್ಲ. ಅಲ್ಲಿ ಹಗೆಯ ಹಗೆತನವೂ ಗೊತ್ತು, ಅವನ ಹಿರಿಮೆಯೂ ಗೊತ್ತು. ಎರಡನ್ನೂ ನ್ಯಾಯವಾಗಿ ತೂಗಿಕೊಟ್ಟ ಕೈ ನಡುಗಿದ ಗುರುತೇ ಇಲ್ಲ. ಬುದ್ಧಿಭ್ರಮಣೆಯಾದವನ ಬರಹವೆಂದು ಹೇಳದೆ ಕೊಟ್ಟರೆ, ಓದುವವರು ಇದನ್ನು ಅತ್ಯಂತ ಎಚ್ಚರದ ಮನಸ್ಸಿನ ಕೃತಿಯೆಂದೇ ಹೇಳುವರು.

ಸಂಸರನ್ನು ನಾವು ಪೂರ್ತಿ ಮರೆತಿಲ್ಲ. ರವೀಂದ್ರ ಕಲಾಕ್ಷೇತ್ರದ ಆವರಣದಲ್ಲಿರುವ ಬಯಲು ರಂಗಮಂದಿರಕ್ಕೆ ಅವರ ಹೆಸರಿದೆ. ಜ್ಞಾನಭಾರತಿಯಲ್ಲಿ ಕನ್ನಡ ಪಾಠ ಹೇಳಿದ ಕಿ.ರಂ. ನಾಗರಾಜರು ‘ನೀಗಿಕೊಂಡ ಸಂಸ’ ಎಂದು ಅವರನ್ನೇ ಕುರಿತು ನಾಟಕ ಬರೆದರು. ಪಾತ್ರಗಳನ್ನು ಕಟ್ಟಿದವರು ಕೊನೆಗೆ ತಾವೇ ಒಂದು ಪಾತ್ರವಾದರು. ಇದೆಲ್ಲ ಸರಿಯೇ. ಆದರೆ ಅವರ ಭ್ರಮೆಯ ಕಥೆಯನ್ನು ಬಲ್ಲವರೆಷ್ಟು, ಅವರ ನಾಟಕಗಳಲ್ಲಿ ಒಂದನ್ನಾದರೂ ಓದಿದವರೆಷ್ಟು? ಹದಿನೇಳು ನಾಟಕಗಳು ಕಳೆದುಹೋದದ್ದು ಒಂದು ನಷ್ಟ. ಉಳಿದ ಆರನ್ನು ಕಪಾಟಿನಲ್ಲಿಟ್ಟು, ಬರೆದವನ ಹುಚ್ಚಿನ ಮಾತನ್ನು ಮಾತ್ರ ಹೊರಗೆ ಆಡುತ್ತಿರುವುದು ಇನ್ನೊಂದು. ಇದು ನಮ್ಮ ಕೈಯಾರೆ ಆದದ್ದು.

ನಿನ್ನೆ ಸಂಜೆ ಹುಡುಗರು ಮತ್ತೆ ಬಂದಿದ್ದರು. ವಿಕ್ರಮರಾಯನ ಪಾತ್ರದವನನ್ನು ಹತ್ತಿರ ಕೂರಿಸಿಕೊಂಡು ವಿಲ್ಕ್ಸ್ ಹೇಳುವ ಹಿತ್ತಿಲಿನ ಕಥೆಯನ್ನು ಹೇಳಿದೆ. “ಅಪ್ಪಾ, ಸಂಸರಿಗೂ ಒಂದು ಕತ್ತಲಿಗೂ ಜಗಳವಾಯಿತು. ದೂರದಲ್ಲಿ ನಿಂತವರಿಗೆ ಮೇಲೆ ಯಾರು, ಕೆಳಗೆ ಯಾರು ಕಾಣಲಿಲ್ಲ. ಕೈಗೆ ಸಿಕ್ಕ ವಿಕ್ರಮರಾಯನ ಮೇಲೆ ತಪ್ಪು ಹೊರಿಸಿಬಿಟ್ಟರು. ಅವನು ಸಂಸರನ್ನು ಕೊಂದವನಲ್ಲ. ಇಷ್ಟು ದಿನವಾದರೂ ಅವರನ್ನು ಉಳಿಸಿದವನು” ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎದ್ದು ಹೋಗಿ ತನ್ನ ಮಾತುಗಳನ್ನು ಮೊದಲಿನಿಂದ ಹೇಳತೊಡಗಿದ. ಪಕ್ಕದ ಮನೆಯ ಹಿರಿಯರು ಕಾಫಿಯ ಲೋಟವನ್ನು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಪುಸ್ತಕವನ್ನು ಇತ್ತ ಕೊಡಿ ಎಂದು ಕೈ ನೀಡಿದರು.