ಜೋಳದ ಹೊಲದ ಅತಿಥಿಗಳು

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಕೋಟೆಕೊತ್ತಲಗಳತ್ತ, ಶಿಲಾಶಾಸನಗಳತ್ತ, ಸಂಸ್ಥಾನಗಳ ವಂಶಾವಳಿಯತ್ತ ಓಡುವುದು ಸಹಜ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳ ಕನ್ನಡಿಗರಾದ ನಮಗೆ ಅಂತಹ ಚರಿತ್ರೆಗೇನೂ ಕೊರತೆಯಿಲ್ಲ. ಆದರೆ ನಮ್ಮ ಹಿರಿಯರು ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದದ್ದು ಕೋಟೆಯೊಳಗಲ್ಲ. ಎರೆಭೂಮಿಯ ಜೋಳದ ಹೊಲದಲ್ಲಿ. ಆ ಹೊಲಕ್ಕೂ ಒಂದು ಚರಿತ್ರೆಯುಂಟು. ಅದರಲ್ಲಿ ಒಕ್ಕಲಿಗನ ಎದುರಾಳಿಯಾಗಿಯೂ ಅತಿಥಿಯಾಗಿಯೂ ವರುಷ ವರುಷ ಬಂದುಹೋಗುವ ಹಕ್ಕಿಯೊಂದಿದೆ. ಅದೇ ಗುಲಾಬಿ ಕಬ್ಬಕ್ಕಿ. ಅದನ್ನು ಕುರಿತು ನಮ್ಮವರ ಭಾವನೆ ಹೇಗೆ ಬದಲಾಗುತ್ತ ಬಂದಿತೆಂಬುದನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಬೇಕೆಂಬುದು ನಮ್ಮ ಉದ್ದೇಶ.

ಗೊರವಂಕ, ಕಬ್ಬಕ್ಕಿಗಳು ನಮಗೆಲ್ಲ ಪರಿಚಿತವೇ. ಮನೆಯ ಮಾಡಿನಲ್ಲಿ, ಬೇವಿನ ಮರದಲ್ಲಿ ಗೂಡು ಕಟ್ಟಿ ವರ್ಷವಿಡೀ ನಮ್ಮೊಡನೆ ಇರುವ ಹಕ್ಕಿಗಳು ಅವು. ಗುಲಾಬಿ ಕಬ್ಬಕ್ಕಿಯೂ ಅದೇ ಕುಲದ್ದು. ಗಾತ್ರದಲ್ಲಿ ಗೊರವಂಕದಷ್ಟೇ, ತಲೆ, ರೆಕ್ಕೆ, ಬಾಲಗಳು ಹೊಳೆಯುವ ಕಪ್ಪು, ಬೆನ್ನು ಮತ್ತು ಹೊಟ್ಟೆ ತಿಳಿಗುಲಾಬಿ, ನೆತ್ತಿಯ ಮೇಲೊಂದು ಜುಟ್ಟು. ಎಳೆಯ ಹಕ್ಕಿಗಳದು ಮಾಸಲು ಕಂದುಬಣ್ಣ. ಮರಾಠಿಯಲ್ಲಿ ಇದನ್ನು ಭೋರಡಿಯೆಂದೂ, ಹಿಂದಿ ಉರ್ದುಗಳಲ್ಲಿ ತಿಲಿಯರ್ ಎಂದೂ ಕರೆಯುತ್ತಾರೆ. ಬ್ರಿಟಿಷರ ಕಾಲದ ಯುರೋಪಿಯನ್ನರು ಇದಕ್ಕೆ ಜೋಳದ ಹಕ್ಕಿಯೆಂದೇ ಹೆಸರಿಟ್ಟಿದ್ದರು. ಒಕ್ಕಲಿಗನ ದೂರೆಲ್ಲವೂ ಆ ಒಂದು ಹೆಸರಿನಲ್ಲಿ ಅಡಗಿದೆ.

ಈ ಹಕ್ಕಿಯ ತವರು ನಮ್ಮ ನಾಡಲ್ಲ. ಕಜಕಸ್ತಾನ, ದಕ್ಷಿಣ ರಷ್ಯಾ ಮೊದಲಾದ ಕಡೆಗಳ ವಿಶಾಲವಾದ ಹುಲ್ಲುಗಾವಲುಗಳಲ್ಲಿ ಕಲ್ಲುರಾಶಿಗಳ ಸಂದುಗಳಲ್ಲಿ ಸಾವಿರಗಟ್ಟಲೆಯಾಗಿ ಸೇರಿ ಅದು ಮೊಟ್ಟೆಯಿಡುತ್ತದೆ. ಮರಿಗಳು ಹಾರಲು ಕಲಿತೊಡನೆಯೇ ದಕ್ಷಿಣಕ್ಕೆ ಹೊರಡುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ ಭಾರತವನ್ನು ಮುಟ್ಟಿ, ಏಪ್ರಿಲ್ ಮುಗಿಯುವವರೆಗೂ ಇಲ್ಲಿಯೇ ಉಳಿಯುವುದರಿಂದ, ವರ್ಷದ ಹೆಚ್ಚುಭಾಗವನ್ನು ಅದು ನಮ್ಮೊಡನೆಯೇ ಕಳೆಯುವುದೆನ್ನಬಹುದು. ಅತಿಥಿಯಾದರೂ ಅವಸರದ ಅತಿಥಿಯಲ್ಲ.

ಅದು ಬಂದಿಳಿಯುವ ಕಾಲವೂ ನಮ್ಮ ಬೆಳೆಯ ಕಾಲವೂ ಒಂದಕ್ಕೊಂದು ಕೂಡಿಬರುತ್ತವೆ. ಮುಂಗಾರಿನ ಸಜ್ಜೆ ತೆನೆಗಟ್ಟುವ ಹೊತ್ತಿಗೆ ಹಿಂಡು ಬಂದಿರುತ್ತದೆ. ಹಿಂಗಾರಿನ ಬಿಳಿಜೋಳ ಹಾಲುಗಾಳಾಗುವ ಹೊತ್ತಿಗೆ ಹಿಂಡುಗಳು ದೊಡ್ಡವಾಗಿರುತ್ತವೆ. ಕಾಳು ಗಟ್ಟಿಯಾಗುವುದಕ್ಕೆ ಮುಂಚಿನ ಆ ಕೆಲವು ದಿನಗಳೇ ಗಂಡಾಂತರದ ದಿನಗಳು. ಬೆಳಗಿನ ಜಾವದ ಮಂಜು ಹರಿಯುತ್ತಿದ್ದಂತೆಯೇ ನೂರಾರು ಹಕ್ಕಿಗಳು ಒಮ್ಮೆಲೇ ಹೊಲಕ್ಕೆ ಎರಗುತ್ತವೆ. ಒಂದು ಕಡೆ ಎಬ್ಬಿಸಿದರೆ ಮತ್ತೊಂದು ಬದುವಿನಲ್ಲಿ ಇಳಿಯುತ್ತವೆ. ಬಿಸಿಲೇರಿದಾಗ ಕೊಂಚ ವಿರಾಮ; ಹೊತ್ತು ಇಳಿಯುವಾಗ ಮತ್ತೆ ಅದೇ ದಾಳಿ. ಹೀಗಾಗಿ ಹೊಲದ ನಡುವೆ ಮಂಚಿಕೆ ಕಟ್ಟುವುದು, ಅದರ ಮೇಲೆ ನಿಂತು ಕವಣೆ ಬೀಸುವುದು, ಡಬ್ಬಿ ಬಡಿಯುವುದು, ಕೂಗು ಹಾಕುವುದು, ಇವೆಲ್ಲ ಪ್ರತಿ ಮನೆಯ ಚಳಿಗಾಲದ ಕಾಯಕವಾಗಿದ್ದವು. ಹಕ್ಕಿ ಕಾಯುವ ಕೆಲಸ ಬಹುಮಟ್ಟಿಗೆ ಹುಡುಗರ, ಹೆಂಗಸರ, ಮುದುಕರ ಪಾಲಿಗೆ ಬರುತ್ತಿತ್ತು. ಆ ದಿನಗಳಲ್ಲಿ ಶಾಲೆ ತಪ್ಪಿಸಿದ ಹುಡುಗನನ್ನು ಗುರುಗಳು ಕಾರಣ ಕೇಳಬೇಕಾಗಿರಲಿಲ್ಲ.

ಈ ಕಾವಲು ಬರಿಯ ಜಿಪುಣತನದಿಂದ ಹುಟ್ಟಿದ್ದಲ್ಲ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವು ಬಳ್ಳಾರಿ, ಕಲಾದಗಿ, ಸೊಲ್ಲಾಪುರ ಜಿಲ್ಲೆಗಳನ್ನು ಹಿಂಡಿಹಾಕಿತ್ತು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದ ಆದವಾನಿ, ರಾಯದುರ್ಗಗಳ ಕನ್ನಡಿಗರೂ ಅದರ ಬಾಯಿಗೆ ಸಿಕ್ಕವರೇ. ಅಂತಹ ನಾಡಿನಲ್ಲಿ ಒಂದು ತೆನೆಯ ನಷ್ಟವೆಂದರೆ ಒಂದು ರೊಟ್ಟಿಯ ನಷ್ಟ. ಹಸಿವನ್ನು ಕಂಡ ತಲೆಮಾರು ಹಕ್ಕಿಯಲ್ಲಿ ಕಳ್ಳನನ್ನು ಕಂಡಿತೆಂದರೆ ಅದನ್ನು ನಾವು ಹೀಗಳೆಯಲಾಗದು. ಕಬ್ಬಕ್ಕಿಗಳನ್ನು ಬಲೆಹಾಕಿ ಹಿಡಿದು ಮಾಂಸಕ್ಕಾಗಿ ಮಾರುವ ವಾಡಿಕೆಯೂ ದೇಶದ ಹಲವೆಡೆ ಇತ್ತು. ಮದರಾಸು ಪ್ರಾಂತದಲ್ಲಿ ಸೇನಾವೈದ್ಯನಾಗಿದ್ದ ಜರ್ಡನ್ ಎಂಬಾತನು ೧೮೬೨ರಿಂದ ೧೮೬೪ರ ಅವಧಿಯಲ್ಲಿ ಪ್ರಕಟಿಸಿದ ಭಾರತದ ಪಕ್ಷಿಗಳ ಗ್ರಂಥದಲ್ಲಿ ಈ ಹಕ್ಕಿಗೂ ಸ್ಥಾನ ದೊರೆತಿದೆ.

ಆದರೂ ನಮ್ಮವರು ಹಕ್ಕಿಯನ್ನು ವೈರಿಯೆಂದು ಮಾತ್ರವೇ ಎಣಿಸಿದರೆ? ಹಾಗೆನ್ನಲು ನಾಲಗೆ ಏಳದು. ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆಯನ್ನೇ ನೆನೆಯೋಣ. ಹೊಲ ಕಾಯುತ್ತಿದ್ದ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮನ ವೇಷದಲ್ಲಿ ಬಂದು ಬೆಳಸೆಯನ್ನು ಬೇಡಿದನೆಂದೂ, ಬಾಲಕನು ಎಳೆಯ ತೆನೆಗಳನ್ನು ಸಂತೋಷದಿಂದ ಕೊಟ್ಟನೆಂದೂ ಆ ಕಥೆ ಹೇಳುತ್ತದೆ. ನಮ್ಮ ಊರಿನ ಮಹಾಪುರುಷನು ಹೊಲದ ಕಾವಲುಗಾರನಾಗಿಯೇ ದೇವರನ್ನು ಕಂಡವನು. ಕಾಯಬೇಕು, ಆದರೆ ಬಂದವರಿಗೆ ಕೊಡಲೂಬೇಕು ಎಂಬ ಭಾವ ಈ ಮಣ್ಣಿನಲ್ಲಿ ಹಳೆಯದು. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುವ ಪದ್ಧತಿಯಲ್ಲಿಯೂ ಅದೇ ಭಾವವಿದೆ. ಚೆಲ್ಲಿದ ಅನ್ನವನ್ನು ಆರಿಸಿಕೊಳ್ಳುವವು ಹಕ್ಕಿಪಕ್ಷಿಗಳೇ ಅಲ್ಲವೆ? ಅಂದು ಚರಗ ಚೆಲ್ಲಿದ ಕೈಯೇ ಮರುದಿನ ಕವಣೆ ಬೀಸುತ್ತಿತ್ತು. ಇದು ಆಷಾಢಭೂತಿತನವಲ್ಲ, ಮೇರೆಯನ್ನರಿತ ಬಾಳುವೆ.

ಇನ್ನು ಹಕ್ಕಿಯ ಮತ್ತೊಂದು ಮುಖವನ್ನು ನೋಡೋಣ. ತವರಿನಲ್ಲಿ ಅದರ ಮುಖ್ಯ ಆಹಾರ ಮಿಡತೆ. ಮರಿಗಳನ್ನು ಸಾಕುವುದೂ ಮಿಡತೆಗಳಿಂದಲೇ. ಸಿರಿಯಾ ದೇಶದ ಕೇಸಿಯಸ್ ಬೆಟ್ಟದ ಜನರು ಮಿಡತೆಯ ಕಾಟ ಬಂದಾಗ ಒಂದು ಬಗೆಯ ಹಕ್ಕಿಗಳನ್ನು ಕಳುಹಿಸೆಂದು ದೇವರನ್ನು ಪ್ರಾರ್ಥಿಸುತ್ತಿದ್ದರೆಂದು ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಬರೆದಿದ್ದಾನೆ. ಆ ಹಕ್ಕಿ ಇದೇ ಕಬ್ಬಕ್ಕಿಯಿರಬೇಕೆಂದು ಅನೇಕ ಪಂಡಿತರ ಊಹೆ. ಅತ್ತಕಡೆಯ ರೈತರೇ ಹಿಪ್ಪುನೇರಳೆ, ದ್ರಾಕ್ಷಿಗಳು ಮಾಗಿದಾಗ ಅದೇ ಹಕ್ಕಿಯನ್ನು ಶಪಿಸುತ್ತಿದ್ದರು. ಚೀನದ ಸಿಂಕಿಯಾಂಗ್ ಪ್ರಾಂತದಲ್ಲಿ ೧೯೮೦ರ ದಶಕದಿಂದ ಈಚೆಗೆ ಈ ಹಕ್ಕಿಗಳಿಗಾಗಿಯೇ ಗೂಡುಗಳನ್ನು ಕಟ್ಟಿಸಿ, ಅವುಗಳ ಮೂಲಕ ಮಿಡತೆಗಳನ್ನು ಹತೋಟಿಯಲ್ಲಿಡುವ ಪ್ರಯತ್ನ ನಡೆದಿದೆ. ಅಲ್ಲಿ ಸರಕಾರದ ಸೇವಕ, ಇಲ್ಲಿ ಹೊಲದ ಕಳ್ಳ! ಹಕ್ಕಿ ಒಂದೇ; ಬದಲಾಗುವುದು ಋತು ಮತ್ತು ಬೆಳೆ.

ನಮ್ಮಲ್ಲಿಯೂ ಅದು ಜೋಳವನ್ನೇ ನಂಬಿ ಬದುಕುವುದಿಲ್ಲ. ಮೇಯುವ ದನಗಳ ಕಾಲಡಿಯಿಂದ ಹಾರುವ ಮಿಡತೆಗಳನ್ನು ಹಿಡಿಯುತ್ತದೆ. ಬೋರೆ, ಆಲ, ಅತ್ತಿಗಳ ಹಣ್ಣು ತಿಂದು ಬೀಜಗಳನ್ನು ದೂರಕ್ಕೆ ಒಯ್ಯುತ್ತದೆ. ಮುತ್ತುಗ, ಬೂರುಗ, ಹಾಲುವಾಣಗಳು ಹೂಬಿಟ್ಟಾಗ ಮಕರಂದಕ್ಕಾಗಿ ಮುತ್ತಿ, ಹಣೆಗೆಲ್ಲ ಪರಾಗ ಬಳಿದುಕೊಂಡು ಹೂವಿನಿಂದ ಹೂವಿಗೆ ಒಯ್ಯುತ್ತದೆ. ಸಲೀಂ ಅಲಿಯವರು ೧೯೩೨ರಲ್ಲಿಯೇ ಹೂಗಳಿಗೂ ಹಕ್ಕಿಗಳಿಗೂ ಇರುವ ಈ ನಂಟನ್ನು ಕುರಿತು ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಪ್ರೌಢಲೇಖನವನ್ನು ಬರೆದರು. ವಿದ್ಯಾವಂತರ ದೃಷ್ಟಿ ತಿರುಗಲು ಇಂತಹ ಬರಹಗಳು ಕಾರಣವಾದವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಬ್ಬಕ್ಕಿಗಳ ಕುಲಕ್ಕೂ ರಕ್ಷಣೆಯನ್ನು ಕೊಟ್ಟಿತು.

ಹೊಲದಲ್ಲಿ ಆದ ಬದಲಾವಣೆ ಇದಕ್ಕಿಂತ ದೊಡ್ಡದು. ಜೋಳದ ಮೊದಲ ಸಂಕರ ತಳಿ ದೇಶದಲ್ಲಿ ಬಿಡುಗಡೆಯಾದದ್ದು ೧೯೬೪ರಲ್ಲಿ. ನೆರೆಹೊರೆಯ ಹೊಲಗಳಿಗಿಂತ ಮೊದಲೇ ತೆನೆಗಟ್ಟುವ ಹೊಲ ಯಾವುದೋ, ಹಕ್ಕಿಗಳೆಲ್ಲ ಅದಕ್ಕೇ ಎರಗುತ್ತವೆಂಬುದನ್ನು ಅಲ್ಪಾವಧಿಯ ತಳಿಗಳನ್ನು ಬಿತ್ತಿದವರು ಅನುಭವದಿಂದ ಕಲಿತರು. ೧೯೮೦ರಲ್ಲಿ ಭೀಮಾನದಿಯ ಉಜನಿ ಅಣೆಕಟ್ಟು ಮುಗಿದ ಮೇಲೆ ನೀರು ಹರಿದ ಕಡೆಗಳಲ್ಲಿ ಕಬ್ಬು ಹಬ್ಬಿತು. ಪಡಿತರದ ಅಕ್ಕಿ ಗೋಧಿಗಳು ಊಟದ ರೂಢಿಯನ್ನೂ ಬದಲಿಸಿದವು. ಜೋಳದ ಹೊಲಗಳು ಕಡಮೆಯಾದಂತೆ, ಉಳಿದ ಹೊಲಗಳ ಮೇಲಿನ ಹೊರೆ ಹೆಚ್ಚಾಯಿತು. ಹಿಂದೆ ಊರಿನ ನೂರು ಹೊಲಗಳಲ್ಲಿ ಹಂಚಿಹೋಗುತ್ತಿದ್ದ ಹಕ್ಕಿಯ ಪಾಲನ್ನು ಈಗ ನಾಲ್ಕಾರು ಹೊಲಗಳೇ ತೆರಬೇಕಾಯಿತು. ಕಾಯುವ ಹುಡುಗರು ಶಾಲೆಯಲ್ಲಿದ್ದಾರೆ. ಅಲ್ಲಿಯೇ ಇರತಕ್ಕದ್ದೂ ಹೌದು. ಕೂಲಿ ಕೊಟ್ಟು ಕಾವಲಿಡುವ ಶಕ್ತಿ ಸಣ್ಣ ಒಕ್ಕಲಿಗನಿಗಿಲ್ಲ. ಕಡೆಗೆ ಆತನೂ ಜೋಳವನ್ನೇ ಬಿಡುತ್ತಾನೆ.

ಇತ್ತ ನಗರದಲ್ಲಿ ಮತ್ತೊಂದು ನೋಟ. ಚಳಿಗಾಲದ ಸಂಜೆ ಸೊಲ್ಲಾಪುರದ ಸುತ್ತಮುತ್ತ ಸಾವಿರಾರು ಕಬ್ಬಕ್ಕಿಗಳು ರಾತ್ರಿಯ ತಂಗುದಾಣಕ್ಕೆ ಇಳಿಯುವ ಮುನ್ನ ಆಕಾಶದಲ್ಲಿ ಹೊಗೆಯ ಸುರುಳಿಯಂತೆ ಸುತ್ತುತ್ತ, ಚಾಪೆಯಂತೆ ಹಾಸುತ್ತ, ಒಮ್ಮೆಲೇ ಮಗುಚುತ್ತ ಹಾರುವುದನ್ನು ನೋಡಲು ಜನರು ಮಕ್ಕಳನ್ನು ಕರೆದುಕೊಂಡು ನಿಲ್ಲುತ್ತಾರೆ. ನಾವೂ ನಿಂತು ಮೈಮರೆತಿದ್ದೇವೆ. ಬಾಲ್ಯದಲ್ಲಿ ಕವಣೆ ಬೀಸಿದ ಕೈಯನ್ನು ಹಣೆಗೆ ಒತ್ತಿ ಅದೇ ಹಿಂಡನ್ನು ನೋಡುವಾಗ ನಮ್ಮ ಮನಸ್ಸಿನಲ್ಲಿ ಹಿಗ್ಗಿನೊಡನೆ ಕೊಂಚ ನಾಚಿಕೆಯೂ ಸೇರಿಕೊಂಡಿತು. ಏಕೆಂದರೆ ನಮ್ಮ ಈ ಕಣ್ಣಹಬ್ಬದ ಬೆಲೆಯನ್ನು ತೆತ್ತವನು ನಾವಲ್ಲ. ಎಲ್ಲಿಯೋ ದೂರದಲ್ಲಿ ಇನ್ನೂ ಜೋಳ ಬಿತ್ತುತ್ತಿರುವ ಬಡ ಒಕ್ಕಲಿಗ.

ಆದುದರಿಂದ ಹಕ್ಕಿಯನ್ನು ಮೆಚ್ಚುವುದಷ್ಟೇ ಸಾಲದು. ಊರವರು ಕೂಡಿ ಒಂದೇ ಕಾಲಕ್ಕೆ ಬಿತ್ತಿದರೆ, ಸರದಿಯ ಮೇಲೆ ಕಾವಲು ನಡೆಸಿದರೆ ನಷ್ಟ ಹಂಚಿಹೋಗುತ್ತದೆ. ಇದು ಹಿರಿಯರು ಮಾಡುತ್ತಿದ್ದುದೇ. ೨೦೨೩ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಜೋಳವೂ ಆ ಸಾಲಿನಲ್ಲಿತ್ತು. ಆ ಮಾನ ಭಾಷಣಗಳಲ್ಲಿ ಉಳಿಯದೆ, ಬೆಳೆದವನಿಗೆ ತಕ್ಕ ಬೆಲೆಯಾಗಿ ಮುಟ್ಟಿದರೆ ಹಕ್ಕಿಯ ಪಾಲನ್ನು ಬಿಟ್ಟುಕೊಡುವ ಔದಾರ್ಯ ಆತನಲ್ಲಿ ಮತ್ತೆ ಚಿಗುರೀತು.

ನಮ್ಮ ಸಂಘದವರಲ್ಲಿ ಮತ್ತೊಂದು ಅರಿಕೆ. ಮಂಚಿಕೆ, ಕವಣೆ, ಬೆಳಸೆ, ಸೀತನಿ, ಚರಗ ಈ ಮಾತುಗಳು ಜೋಳದ ಹೊಲದೊಡನೆಯೇ ಹುಟ್ಟಿದವು; ಹೊಲ ಹೋದರೆ ಅವೂ ಹೋಗುತ್ತವೆ. ೧೯೫೩ರಲ್ಲಿ ಆದವಾನಿ, ರಾಯದುರ್ಗಗಳು ಆಂಧ್ರಕ್ಕೆ ಸೇರಿದಾಗಲಾಗಲಿ, ೧೯೫೬ರಲ್ಲಿ ನಮ್ಮ ತಾಲೂಕುಗಳು ಕರ್ನಾಟಕದ ಹೊರಗೆ ಉಳಿದಾಗಲಾಗಲಿ ಈ ಮಾತುಗಳು ನಮ್ಮನ್ನು ಬಿಡಲಿಲ್ಲ. ಗಡಿಯ ಗೆರೆ ಮಾಡಲಾಗದ ಕೆಲಸವನ್ನು ಮರೆವು ಮಾಡಬಾರದು. ಬರುವ ಎಳ್ಳ ಅಮಾವಾಸ್ಯೆಗೆ ನಮ್ಮ ಕನ್ನಡ ಶಾಲೆಗಳ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯೋಣ. ಮಂಚಿಕೆಯ ಮೇಲೆ ಕುಳಿತಿದ್ದ ಅಜ್ಜಂದಿರಿಂದಲೂ ಅವ್ವಂದಿರಿಂದಲೂ ಹಕ್ಕಿಗಳ ಹೆಸರುಗಳನ್ನು, ಹೊಲದ ಮಾತುಗಳನ್ನು ಕೇಳಿ ಅವರು ಬರೆದುಕೊಳ್ಳಲಿ. ಅಷ್ಟರಲ್ಲಿ ಹಿಂಡೊಂದು ಬಂದಿಳಿದರೆ, ಓಡಿಸುವ ಮುನ್ನ ಒಂದು ಗಳಿಗೆ ನೋಡಲಿ.