ರಿವೆಟ್ಟಿನ ಇನ್ನೊಂದು ಬದಿ

ಚರ್ಮ ಎಂದ ಕೂಡಲೇ ನಮ್ಮ ಕನ್ನಡ ವಿಮರ್ಶೆ ಹರಳಯ್ಯನ ಹತ್ತಿರ ಹೋಗಿ ಕೈಮುಗಿದು ನಿಂತುಬಿಡುತ್ತದೆ. ತೊಡೆಯ ಚರ್ಮ ತೆಗೆದು ಮೆಟ್ಟು ಹೊಲಿದ ಕತೆಯಷ್ಟೇ ಅದಕ್ಕೆ ಸಾಕು. ಭಕ್ತಿ ಬಂತು, ಕಾಯಕ ಬಂತು, ತ್ಯಾಗ ಬಂತು; ಆಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಚರ್ಮದ ಕೆಲಸವೂ ಒಂದು ಉದ್ಯಮ, ಅದರಲ್ಲಿ ಯಂತ್ರ, ಬಾಡಿಗೆ, ಪೇಟೆಂಟು, ಕೋರ್ಟು ಕಚೇರಿ ಎಲ್ಲ ಇವೆ ಎನ್ನುವುದು ನಮ್ಮ ಸಾಹಿತ್ಯದ ಮೇಷ್ಟ್ರುಗಳಿಗೆ ಹೊಳೆದೇ ಇಲ್ಲವೇನೋ. ಈ ಸಂಚಿಕೆಗೆ ಬರೆಯಿರಿ ಎಂದು ಗೆಳೆಯರು ಹೇಳಿದಾಗ, ನಾನೊಂದು ರಿವೆಟ್ ಕಂಪನಿಯ ಚರಿತ್ರೆ ಬರೀತೀನಿ ಅಂದೆ. ಅವರು ನಕ್ಕರು. ‘ದಲಿತ ವಿಮರ್ಶೆಗೂ ರಿವೆಟ್ಟಿಗೂ ಏನಪ್ಪಾ ಸಂಬಂಧ?’ ಅಂದರು. ಆ ಸಂಬಂಧವನ್ನೇ ಇಲ್ಲಿ ಹೇಳಬೇಕಾಗಿದೆ.

ಬಸ್ಸಿನ ಬಾಡಿ ಕಟ್ಟುವಲ್ಲಿ, ಅಲ್ಯುಮಿನಿಯಂ ಕಿಟಕಿ ಮಾಡುವಲ್ಲಿ ಪಾಪ್ ರಿವೆಟ್ ಹೊಡೆಯುವುದನ್ನು ನೀವು ನೋಡಿರುತ್ತೀರಿ. ನನ್ನ ಚಿಕ್ಕಪ್ಪನ ಮಗ ದಿನವಿಡೀ ಅದನ್ನೇ ಹೊಡೆಯುತ್ತಾನೆ. ಸಣ್ಣದೊಂದು ಕೊಳವೆ, ಅದರೊಳಗೆ ತಲೆಯಿರುವ ಒಂದು ಕಡ್ಡಿ. ಎರಡು ತಗಡಿಗೂ ಸೇರಿಸಿ ತೂತು ಕೊರೆದು ಕೊಳವೆಯನ್ನು ಇಳಿಸುತ್ತಾರೆ. ಗನ್ನಿನ ಹಲ್ಲು ಕಡ್ಡಿಯನ್ನು ಕಚ್ಚಿ ಹಿಂದಕ್ಕೆ ಎಳೆಯುತ್ತದೆ. ಎಳೆದಂತೆಲ್ಲ ಆಚೆ ಬದಿಯಲ್ಲಿರುವ ಕಡ್ಡಿಯ ತಲೆ ಕೊಳವೆಯ ಬಾಯಿಯನ್ನು ಅಗಲ ಮಾಡಿ ತಗಡನ್ನು ಹಿಡಿಸುತ್ತದೆ. ಕೊನೆಗೆ ಟಪ್ ಎಂದು ಕಡ್ಡಿ ಮುರಿಯುತ್ತದೆ. ಕೆಲಸ ಮುಗಿಯಿತು. ಹಳೆಯ ಕಾಲದ ಹಡಗುಕಟ್ಟೆಗಳಲ್ಲಿ ಒಂದು ರಿವೆಟ್ಟಿಗೆ ಒಂದು ತಂಡವೇ ಬೇಕಿತ್ತು: ಕಾಯಿಸುವವನೊಬ್ಬ, ಕೆಂಪಗೆ ಕಾದದ್ದನ್ನು ತಂದುಕೊಡುವ ಹುಡುಗನೊಬ್ಬ, ಹಿಂದಿನಿಂದ ಒತ್ತಿ ಹಿಡಿಯುವವನೊಬ್ಬ, ಮುಂದಿನಿಂದ ಬಡಿಯುವವನೊಬ್ಬ. ಪಾಪ್ ರಿವೆಟ್ಟಿಗೆ ಆಚೆ ಬದಿಯಲ್ಲಿ ಯಾರೂ ಬೇಕಿಲ್ಲ, ಅಲ್ಲಿ ಏನಿದೆ ಎಂದು ಕಾಣಬೇಕಾಗಿಯೂ ಇಲ್ಲ. ಇಂಗ್ಲಿಷಿನಲ್ಲಿ ಇದನ್ನು ಕುರುಡು ರಿವೆಟ್ ಎಂದೇ ಕರೆಯುತ್ತಾರೆ.

ಇದರ ಅಧಿಕೃತ ಚರಿತ್ರೆ ಹೀಗಿದೆ. ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ವಿಟ್‌ವರ್ತ್ ಸಂಸ್ಥೆಯಲ್ಲಿದ್ದ ಹ್ಯಾಮಿಲ್ಟನ್ ವೈಲಿ ಎಂಬಾತ ಇಂಥ ರಿವೆಟ್ಟಿಗೆ ಪೇಟೆಂಟ್ ಪಡೆದ. 1920ರ ದಶಕದ ಕೊನೆಯ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನ ಜಾರ್ಜ್ ಟಕರ್ ಐಲೆಟ್ ಕಂಪನಿ, ಸಿಸ್ಕಿನ್ ಎಂಬ ಯುದ್ಧವಿಮಾನದ ಕೆಲಸಕ್ಕಾಗಿ ಅದನ್ನು ತಯಾರಿಸತೊಡಗಿತು. ಮೊದಮೊದಲು ಕೊಳವೆ ಬೇರೆ, ಕಡ್ಡಿ ಬೇರೆ. ಹೊಡೆಯುವ ಮುಂಚೆ ಕೈಯಲ್ಲಿ ಜೋಡಿಸಿಕೊಳ್ಳಬೇಕಿತ್ತು. ಆಮೇಲೆ ಎರಡೂ ಸೇರಿ ಒಂದಾದವು, ಅಲ್ಯುಮಿನಿಯಂನಲ್ಲಿ ಬಂದವು, ‘ಪಾಪ್’ ಎನ್ನುವುದು ನೋಂದಾಯಿತ ಹೆಸರಾಯಿತು. ಇಷ್ಟೇ ಓದಿದರೆ ವಿಮಾನದ ಕತೆ, ಎಂಜಿನಿಯರುಗಳ ಕತೆ.

ಆದರೆ ಕಂಪನಿಯ ಹೆಸರಿನಲ್ಲೇ ಒಂದು ಪದ ಸಿಕ್ಕಿಕೊಂಡಿದೆ ನೋಡಿ: ಐಲೆಟ್. ಬೂಟಿನ ಲೇಸು ಪೋಣಿಸುವ ತೂತಿಗೆ ಹಾಕುತ್ತಾರಲ್ಲ, ಆ ಲೋಹದ ಬಳೆ. ತೂತಿನೊಳಗೆ ಕೊಳವೆ ಇಳಿಸಿ ಅದರ ಬಾಯಿ ಅಗಲಿಸುವುದೇ ಐಲೆಟ್ಟಿನ ವಿದ್ಯೆ. ವಿಮಾನದ ತಗಡಿಗೆ ಹೋದದ್ದು ಅದೇ ವಿದ್ಯೆ. ಟಕರ್ ಕಂಪನಿಯೂ ‘ಪಾಪ್’ ಎಂಬ ಹೆಸರೂ ಸೇರಿಕೊಂಡದ್ದು ಯಾರ ಮನೆಗೆ? ಅಮೆರಿಕದ ಯುನೈಟೆಡ್ ಷೂ ಮೆಷಿನರಿ ಎಂಬ ದೈತ್ಯ ಕಂಪನಿಯ ಬಳಗಕ್ಕೆ. ಅಂದರೆ ರಿವೆಟ್ಟಿನ ಚರಿತ್ರೆಯನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ ನಾವು ಬಂದು ನಿಲ್ಲುವುದು ಮೆಟ್ಟಿನ ಮುಂದೆ.

ಯುನೈಟೆಡ್ ಷೂ ಹುಟ್ಟಿದ್ದು 1899ರಲ್ಲಿ, ಷೂ ಯಂತ್ರಗಳ ಹಲವು ಕಂಪನಿಗಳನ್ನು ಒಂದುಗೂಡಿಸಿ. ಅವುಗಳಲ್ಲೊಂದರ ಬಂಡವಾಳ ಯಾನ್ ಮ್ಯಾಟ್ಜೆಲಿಗರ್ ಎಂಬ ಕರಿಯ ಯುವಕನ ಯಂತ್ರ. ಇವನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಹುಟ್ಟಿದ್ದು 1852ರಲ್ಲಿ, ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ. ಅದು ಡಚ್ಚರ ವಸಾಹತು. ಅಪ್ಪ ಡಚ್ ಎಂಜಿನಿಯರ್, ತಾಯಿ ಕರಿಯ ಹೆಣ್ಣುಮಗಳು. ಹತ್ತನೇ ವಯಸ್ಸಿಗೇ ಯಂತ್ರಶಾಲೆಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಗುಲಾಮಗಿರಿ ರದ್ದಾದದ್ದು 1863ರಲ್ಲಿ. ಆದರೆ ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ತೋಟಗಳಲ್ಲೇ ದುಡಿಯಬೇಕೆಂದು ಕಾನೂನು. ಆ ಹತ್ತು ವರ್ಷ ಮುಗಿದ 1873ರಲ್ಲೇ ಕಲ್ಕತ್ತೆಯಿಂದ ಹೊರಟ ಲಾಲಾ ರೂಕ್ ಎಂಬ ಹಡಗು ನಮ್ಮ ದೇಶದ ಕೂಲಿಗಳ ಮೊದಲ ತಂಡವನ್ನು ಸುರಿನಾಮ್‌ನಲ್ಲಿ ಇಳಿಸಿತು. ಅದೇ ವರ್ಷ ಪುಣೆಯಲ್ಲಿ ಜೋತಿಬಾ ಫುಲೆ ‘ಗುಲಾಮಗಿರಿ’ ಪುಸ್ತಕ ತಂದು, ಕರಿಯರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಇವೆಲ್ಲ ಒಂದಕ್ಕೊಂದು ಗೊತ್ತಿಲ್ಲದೆ ನಡೆದವು. ಆದರೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಹಕ್ಕು ನಮಗಿದೆ.

ಆ ಹೊತ್ತಿಗೆ ಮ್ಯಾಟ್ಜೆಲಿಗರ್ ಹಡಗಿನ ಕೆಲಸಕ್ಕೆ ಸೇರಿ ಅಮೆರಿಕ ತಲುಪಿದ್ದ. 1877ರಲ್ಲಿ ಷೂ ಕಾರ್ಖಾನೆಗಳ ಊರಾದ ಲಿನ್‌ಗೆ ಬಂದ. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ರಾತ್ರಿ ಶಾಲೆಗೆ ಹೋಗಿ ಕಲಿತ. ಆಗ ಷೂ ತಯಾರಿಕೆಯ ಬಹುಪಾಲು ಕೆಲಸಕ್ಕೆ ಯಂತ್ರ ಬಂದಿತ್ತು. ಬಾರದೆ ಉಳಿದಿದ್ದು ಒಂದೇ: ಮೇಲಿನ ಚರ್ಮವನ್ನು ಕಾಲಿನಾಕಾರದ ಮರದ ಅಚ್ಚಿನ ಮೇಲೆ ಎಳೆದು, ನಿರಿಗೆ ಕೂರಿಸಿ, ತಳಕ್ಕೆ ಮೊಳೆ ಹೊಡೆಯುವುದು. ಇದನ್ನು ಮಾಡುವವರು ಕಾರ್ಖಾನೆಯ ರಾಜರು. ಅವರಿಗೆ ಬಲವಾದ ಸಂಘವಿತ್ತು, ಅವರು ಕೈ ಕಟ್ಟಿ ಕೂತರೆ ಕಾರ್ಖಾನೆಯೇ ನಿಲ್ಲುತ್ತಿತ್ತು. ಯಾವ ಯಂತ್ರಕ್ಕೂ ನಮ್ಮ ಬೆರಳು ಬರೋದಿಲ್ಲ ಎನ್ನುವ ಜಂಬ ಬೇರೆ.

ಮ್ಯಾಟ್ಜೆಲಿಗರ್ ಹಗಲೆಲ್ಲ ದುಡಿದು ರಾತ್ರಿ ಕೂತು ಸಿಗಾರ್ ಪೆಟ್ಟಿಗೆಯ ಹಲಗೆ, ತಂತಿ, ಮೊಳೆಗಳಿಂದ ಒಂದು ಮಾದರಿ ಕಟ್ಟಿದ. ಪೇಟೆಂಟಿಗೆ ಕಳಿಸಿದ ನಕ್ಷೆ ಎಷ್ಟು ಜಟಿಲವಾಗಿತ್ತೆಂದರೆ, ಅರ್ಥವಾಗದೆ ಅಧಿಕಾರಿಯೊಬ್ಬ ಲಿನ್‌ಗೇ ಬಂದು ಯಂತ್ರ ನೋಡಿ ಹೋದ. 1883ರ ಮಾರ್ಚ್ 20ರಂದು ಪೇಟೆಂಟ್ ಸಿಕ್ಕಿತು. ಕೈಯಲ್ಲಿ ದಿನಕ್ಕೆ 50 ಜೊತೆ ಆಗುತ್ತಿದ್ದ ಕಡೆ ಈ ಯಂತ್ರ 150ರಿಂದ 700 ಜೊತೆ ಮಾಡಿತು. ಆದರೆ ಅದಕ್ಕೆ ಮುಂಚೆಯೇ ಹಣ ಹಾಕಿದ ಇಬ್ಬರು ಮೂರರಲ್ಲಿ ಎರಡು ಪಾಲು ತಮಗೆ ಬರೆಸಿಕೊಂಡಿದ್ದರು. ಆಮೇಲೆ ಪೇಟೆಂಟು ಕಂಪನಿಗೆ ಹೋಯಿತು, ಅವನಿಗೆ ಒಂದಿಷ್ಟು ಷೇರು ಬಂತು. 1889ರಲ್ಲಿ ಕ್ಷಯ ಹತ್ತಿ ತೀರಿಕೊಂಡ. 37 ತುಂಬಿರಲಿಲ್ಲ.

ಊರಿನ ಹಲವು ಚರ್ಚುಗಳು ಬಣ್ಣ ನೋಡಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿದ್ದವು. ಸೇರಿಸಿಕೊಂಡದ್ದು ನಾರ್ತ್ ಕಾಂಗ್ರಿಗೇಷನಲ್ ಎಂಬ ಒಂದು ಚರ್ಚು. ಸಾಯುವ ಮುಂಚೆ ತನ್ನ ಷೇರುಗಳಲ್ಲಿ ಒಂದು ಭಾಗವನ್ನು ಅದಕ್ಕೆ ಬರೆದುಕೊಟ್ಟ. ಮುಂದೆ ಆ ಷೇರು ಮಾರಿ ಚರ್ಚು ತನ್ನ ಸಾಲ ತೀರಿಸಿಕೊಂಡಿತು. ಕಾರ್ಖಾನೆಗಳಲ್ಲಿ ಆ ಯಂತ್ರಕ್ಕೆ ಅಂಟಿಕೊಂಡ ಅಡ್ಡಹೆಸರು ಮಾತ್ರ ಕರಿಯರನ್ನು ಹೀಯಾಳಿಸುವ ಒಂದು ಬೈಗುಳ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡಿರುವ ಊರುಗಳಿಂದ ಬಂದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಮ್ಯಾಟ್ಜೆಲಿಗರ್ ಯಂತ್ರ ಕಿತ್ತುಕೊಂಡದ್ದು ಕೂಲಿಗಾರರದೇ ಕೆಲಸವನ್ನು. ಅವರಲ್ಲಿ ಬಹುಪಾಲು ಬಿಳಿಯರು, ನಿಜ. ಹಾಗಂತ ನಾವು ಚಪ್ಪಾಳೆ ತಟ್ಟಬೇಕೆ? ಅಥವಾ ಕೈಕಸುಬು ಹಾಳಾಯಿತು ಎಂದು ಗಾಂಧಿವಾದಿಗಳ ಜೊತೆ ಕೂತು ಅಳಬೇಕೆ? ನನಗೆ ಎರಡೂ ಒಪ್ಪಿಗೆಯಿಲ್ಲ. ಕಸುಬು ಕೈಯಲ್ಲಿದೆಯೋ ಯಂತ್ರದಲ್ಲಿದೆಯೋ ಎನ್ನುವುದಕ್ಕಿಂತ, ಅದರ ಒಡೆತನ ಯಾರಲ್ಲಿದೆ ಎಂದು ಕೇಳಿದರೆ ಮಾತ್ರ ಈ ಕತೆ ಬಾಯಿ ಬಿಡುತ್ತದೆ. ಯುನೈಟೆಡ್ ಷೂ ತನ್ನ ಮುಖ್ಯ ಯಂತ್ರಗಳನ್ನು ಮಾರುತ್ತಲೇ ಇರಲಿಲ್ಲ. ಬಾಡಿಗೆಗೆ ಕೊಡುತ್ತಿತ್ತು. ನಮ್ಮ ಯಂತ್ರದ ಜೊತೆ ಬೇರೆಯವರ ಯಂತ್ರ ಇಡಬಾರದು ಎಂಬಂಥ ಕರಾರುಗಳನ್ನು 1922ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಆದರೂ ಹಿಡಿತ ಸಡಿಲಲಿಲ್ಲ. 1953ರಲ್ಲಿ ನ್ಯಾಯಾಧೀಶ ವೈಜಾನ್‌ಸ್ಕಿ ತೀರ್ಪು ಕೊಡುವಾಗ ಅಮೆರಿಕದ ಷೂ ಯಂತ್ರಗಳ ಬೇಡಿಕೆಯಲ್ಲಿ ಶೇಕಡಾ 75ಕ್ಕೂ ಹೆಚ್ಚು ಈ ಒಂದೇ ಕಂಪನಿಯ ಕೈಯಲ್ಲಿತ್ತು. ಬಾಡಿಗೆಗೆ ಕೊಡುವ ಯಂತ್ರಗಳನ್ನು ಮಾರಾಟಕ್ಕೂ ಇಡಬೇಕು ಎಂದು ಅವರು ಹೇಳಿದರು. ಅದೂ ಸಾಲದೆಂದು 1968ರಲ್ಲಿ ಪ್ರಕರಣ ಮತ್ತೆ ಸುಪ್ರೀಂ ಕೋರ್ಟಿಗೆ ಬಂತು.

ಷೂ ಹೊಲಿದವರೂ ಅಲ್ಲ, ಷೂ ಮಾರಿದವರೂ ಅಲ್ಲ. ಹೊಲಿಯುವ ಸಾಧನ ಯಾರ ಹತ್ತಿರ ಇತ್ತೋ ಅವರು ದೊರೆಗಳಾದರು. ನಮ್ಮಜ್ಜನ ಕೆಲಸ ನೆನೆದಾಗ ಇದು ನನಗೆ ಇನ್ನೂ ಸ್ಪಷ್ಟವಾಗುತ್ತದೆ. ಸತ್ತ ದನದ ಚರ್ಮ ಅವರಿಗೆ ಬಿಟ್ಟಿ ಬರುತ್ತಿತ್ತು ಎಂದು ಊರವರ ಮಾತು. ಬಿಟ್ಟಿ ಎಂದರೆ, ಹೊತ್ತು, ಸುಲಿದು, ಹದ ಮಾಡಿದ ಮೈಕೈ ನೋವಿಗೆ ಬೆಲೆಯಿಲ್ಲ ಎಂದರ್ಥ. ದಾರ, ಹದ, ಹೊಲಿಗೆ ಎಲ್ಲ ಮನೆಯದೇ. ಕಾಸು ಕೊಟ್ಟು ತರಬೇಕಾಗಿದ್ದು ಮೊಳೆಯೊಂದನ್ನೇ. ಅದು ಶೆಟ್ಟರ ಅಂಗಡಿಯಲ್ಲಿ ಕಡ ಬರುತ್ತಿತ್ತು. ಗೌಡರು ಎಕ್ಕಡಕ್ಕೆ ಕೊಡುತ್ತಿದ್ದುದು ಸುಗ್ಗಿಯಲ್ಲಿ ಒಂದು ಮೊರ ರಾಗಿ. ಶೆಟ್ಟರು ಕೇಳುತ್ತಿದ್ದುದು ಕಾಸು. ರಾಗಿಗೂ ಕಾಸಿಗೂ ನಡುವಿನ ಕಂದಕದಲ್ಲಿ ನಮ್ಮ ಮನೆಯ ಸಾಲ ಬೆಳೆಯಿತು.

ಉಳಿದ ಕತೆ ಬರೀ ಕೈಬದಲಾವಣೆ. 1976ರಲ್ಲಿ ಯುನೈಟೆಡ್ ಷೂ ಕಂಪನಿಯನ್ನು, ಅಷ್ಟು ಹೊತ್ತಿಗೆ ಅದರ ಹೆಸರು ಯುಎಸ್ಎಂ ಎಂದಾಗಿತ್ತು, ಎಂಹಾರ್ಟ್ ಕೊಂಡಿತು; ಎಂಹಾರ್ಟನ್ನು 1989ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕೊಂಡಿತು; 2010ರಲ್ಲಿ ಅದು ಸ್ಟ್ಯಾನ್ಲಿ ಜೊತೆ ಸೇರಿತು. ಹೀಗೆ ‘ಪಾಪ್’ ಸ್ಟ್ಯಾನ್ಲಿಯವರ ಪಾಲಾಯಿತು. ಬೂಟಿನ ನೆನಪು ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು. ಮ್ಯಾಟ್ಜೆಲಿಗರ್ ಮುಖವಿರುವ 29 ಸೆಂಟಿನ ಅಂಚೆಚೀಟಿಯನ್ನು ಅಮೆರಿಕ 1991ರಲ್ಲಿ ತಂದಿತು, ಸತ್ತು ನೂರು ವರ್ಷ ದಾಟಿದ ಮೇಲೆ.

ನಮ್ಮಲ್ಲಿ ಪಿಎಚ್.ಡಿ. ಮಾಡುವ ಹುಡುಗರು ವಸ್ತು ಸಿಗುವುದಿಲ್ಲ ಎಂದು ಅಲೆಯುತ್ತಾರೆ. ಮೊಳೆಯ ಕಡ ಬರೆದ ಖಾತೆ ಪುಸ್ತಕಗಳು ಹಳೆ ಅಂಗಡಿಗಳ ಅಟ್ಟದ ಮೇಲೆ ಇನ್ನೂ ಇರಬಹುದು. ಗೆದ್ದಲು ತಿನ್ನುವ ಮುಂಚೆ ಯಾರಾದರೂ ಹತ್ತಿ ನೋಡಲಿ. ಅವುಗಳಲ್ಲಿ ನಮ್ಮಜ್ಜನಂಥವರ ಹೆಸರು, ಹೆಬ್ಬೆಟ್ಟಿನ ಗುರುತಿನೊಂದಿಗೆ, ಸಾಲು ಸಾಲಾಗಿ ಇರುತ್ತದೆ.