ಕೋಲಾರ ಚಿನ್ನದ ಗಣಿ: ವಲಸೆ ಕಾರ್ಮಿಕರ ಆರೋಗ್ಯ ಮತ್ತು ಸಂಸಾರ

ಕೋಲಾರ ಚಿನ್ನದ ಗಣಿ ಪ್ರದೇಶದ (ಕೆ.ಜಿ.ಎಫ್.) ಕಾರ್ಮಿಕರ ಆರೋಗ್ಯದ ಚರಿತ್ರೆ ಎಂದರೆ ಬಹುಮಟ್ಟಿಗೆ ವಲಸೆ ಬಂದ ದಲಿತ ಕುಟುಂಬಗಳ ಚರಿತ್ರೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಕೆಲಸ ಹಿಡಿದ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಸಾವಿರಾರು ಮಂದಿ ಬಂದರು. ಬರಗಾಲ, ಸಾಲ, ಜಾತಿಯ ಹಿಂಸೆ ಅವರನ್ನು ಊರು ಬಿಡಿಸಿದ್ದವು. ಮೇಸ್ತ್ರಿಗಳು ಗುಂಪು ಕಟ್ಟಿ ಕರೆತಂದರು.

ವಸತಿಯೇ ಮೊದಲ ಆರೋಗ್ಯ ಸಮಸ್ಯೆಯಾಯಿತು. ಬಿದಿರುತಟ್ಟಿಯ ಸಾಲುಮನೆಗಳಿಗೆ 'ಲೈನ್' ಎಂದು ಹೆಸರು. ಒಂದೇ ಕೋಣೆಯಲ್ಲಿ ಅಡುಗೆ, ಮಲಗುವುದು, ಬಾಣಂತನ ಎಲ್ಲವೂ ನಡೆಯುತ್ತಿತ್ತು. ಕಂಪನಿಗಳು ಆಸ್ಪತ್ರೆ ಕಟ್ಟಿಸಿದವು, ಬೇತಮಂಗಲದ ಕೆರೆಯಿಂದ ನೀರು ತರಿಸಿದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲೇ ಇಲ್ಲಿಗೆ ಬಂತು. ಆದರೆ ಅದು ಬಂದದ್ದು ಯಂತ್ರಗಳಿಗಾಗಿ. ಮನೆ, ಮದ್ದು ಎರಡೂ ಕಂಪನಿಯ ಕೈಯಲ್ಲಿದ್ದುದರಿಂದ ದುಡಿಯುವವನ ಹಾಜರಿಯೇ ಇಡೀ ಸಂಸಾರಕ್ಕೆ ಆಧಾರ. 1930ರಲ್ಲಿ ಹೆಬ್ಬೆಟ್ಟಿನ ಗುರುತು ಪಡೆದು ಕಾರ್ಮಿಕರನ್ನು ನೋಂದಾಯಿಸಲು ಹೊರಟಾಗ ಗಣಿಗಳು ಮುಷ್ಕರದಿಂದ ಸ್ತಬ್ಧವಾದವು. ಊರಿಗೆ ಹೋಗಿ ಸುಧಾರಿಸಿಕೊಂಡು ಮತ್ತೆ ಬರುವ ಸ್ವಾತಂತ್ರ್ಯಕ್ಕೆ ಈ ಗುರುತು ಅಡ್ಡಿಯಾಗಬಹುದಿತ್ತು ಎಂಬುದನ್ನು ಮರೆತರೆ ಆ ಪ್ರತಿಭಟನೆ ಬರೀ ಹಟದಂತೆ ಕಾಣುತ್ತದೆ.

ಅಪಘಾತ ಕಣ್ಣಿಗೆ ಬೀಳುತ್ತದೆ, ಧೂಳು ಬೀಳುವುದಿಲ್ಲ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು; ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿದು ಸತ್ತವರ ಲೆಕ್ಕವಾದರೂ ಕಚೇರಿಗೆ ಸಿಗುತ್ತಿತ್ತು. ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ಮಾತ್ರ ಸದ್ದಿಲ್ಲದೆ ಶ್ವಾಸಕೋಶ ಸೇರಿ, ಅಲ್ಲಿ ಗಾಯದ ಕಲೆಗಳನ್ನು ಬೆಳೆಸುತ್ತ, ವರ್ಷಗಳ ಮೇಲೆ ಉಸಿರು ಕಟ್ಟಿಸುತ್ತಿತ್ತು. ಇದೇ ಸಿಲಿಕೋಸಿಸ್. ಇದು ಹಿಡಿದವರಿಗೆ ಕ್ಷಯ ಸುಲಭವಾಗಿ ಅಂಟುತ್ತದೆ, ಕ್ಷಯ ಬಂದರೆ ಒಂದೇ ಕೋಣೆಯ ಮನೆಯಲ್ಲಿ ಮಕ್ಕಳಿಗೂ ಅಪಾಯ. ಗಣಿಯ ರೋಗ ಮನೆಯ ರೋಗವಾಗುತ್ತಿದ್ದುದು ಹೀಗೆ.

ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಇಲ್ಲಿಂದಲೇ, 1934ರಲ್ಲಿ. ಅಂದರೆ ಗಣಿಗಾರಿಕೆ ಶುರುವಾಗಿ ಅರ್ಧ ಶತಮಾನ ಕಳೆದ ಮೇಲೆ. 1940ರ ದಶಕದ ಮೊದಲ ಭಾಗದಲ್ಲಿ 7,653 ಮಂದಿಯನ್ನು ಪರೀಕ್ಷಿಸಿದಾಗ ಐವರಲ್ಲಿ ಇಬ್ಬರಿಗೂ ಹೆಚ್ಚು ಜನರಲ್ಲಿ ರೋಗ ಕಂಡಿತು. ಕೆಮ್ಮು ಜೋರಾಗಿ ಊರಿಗೆ ಮರಳಿದವರು ಇಂಥ ಯಾವ ಪರೀಕ್ಷೆಗೂ ಸಿಗುವಂತಿರಲಿಲ್ಲವಾದ್ದರಿಂದ ಈ ಅಂಕಿಯೂ ಕಡಿಮೆಯೇ ಇರಬೇಕು. ನೀರು ಹಾಯಿಸಿ ಕೊರೆಯುವ ವಿಧಾನ, ಗಾಳಿಯಾಡುವ ವ್ಯವಸ್ಥೆ ಧೂಳನ್ನು ತಗ್ಗಿಸಬಲ್ಲವು. ಆಗಲೇ ಕಲೆಗಟ್ಟಿದ ಶ್ವಾಸಕೋಶಕ್ಕೆ ಮದ್ದಿಲ್ಲ.

ಕಾರ್ಮಿಕರು ಬರೀ ಕಂಪನಿಯನ್ನು ನೆಚ್ಚಿ ಕೂತವರಲ್ಲ. ದಲಿತ ಬೌದ್ಧ ಚಿಂತಕ ಅಯೋತಿದಾಸ್ ಪಂಡಿತರ ಪ್ರಭಾವದಿಂದ ಗಣಿ ಪ್ರದೇಶದ ಮಾರಿಕುಪ್ಪಂನಲ್ಲಿ ಬೇರೂರಿದ ಬೌದ್ಧ ಚಳವಳಿ ಕುಡಿತ ಬಿಡಿಸುವುದಕ್ಕೂ ಮಕ್ಕಳನ್ನು ಓದಿಸುವುದಕ್ಕೂ ಹೆಣಗಿತು. ಕೂಲಿಯನ್ನು ಸೆಳೆಯಲು ಸಾರಾಯಿ ಅಂಗಡಿಯೂ ಬಡ್ಡಿ ಸಾಲವೂ ಕಾದಿರುತ್ತಿದ್ದ ಜಾಗದಲ್ಲಿ ಇದನ್ನು ಆರೋಗ್ಯ ಕಾರ್ಯವೆಂದೇ ಎಣಿಸಬೇಕು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು, 1962ರಲ್ಲಿ ಕೇಂದ್ರದ ಕೈ ಸೇರಿದವು; 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಕೂಲಿಯ ಜೊತೆಗೆ ಆಸ್ಪತ್ರೆಯ ಆಸರೆಯೂ ಹೋಯಿತು. ಸಿಲಿಕೋಸಿಸ್ ಮಾತ್ರ ಧೂಳಿನ ಸಂಪರ್ಕ ತಪ್ಪಿದ ಮೇಲೂ ಉಲ್ಬಣಿಸುವ ರೋಗ. ಸಾಲದ್ದಕ್ಕೆ, ಅದಿರು ಅರೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳಿಂದ ಗಾಳಿಗೆ ಏಳುವ ಧೂಳು ಗಣಿಗೆ ಇಳಿಯದವರ ಮನೆಗೂ ನುಗ್ಗುತ್ತದೆ.

ವಲಸೆ ಬಂದವರ ಮೊಮ್ಮಕ್ಕಳು ಈಗ ನಸುಕಿಗೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಇ.ಎಸ್.ಐ. ಆಸ್ಪತ್ರೆಯುಂಟು, ದಿನಗೂಲಿಯವರು ಕಾಯಿಲೆ ಬಿದ್ದರೆ ಅಂದಿನ ಕೂಲಿಯೂ ಇಲ್ಲ.